ಮ್ಯಾಕಿಂಟೈರರ ಗೂಢಚಾರ ಗ್ರಂಥಗಳು: ಮೊದಲ ಓದು

ಅರಸರು ಚಾರರ ಕಣ್ಣಿನಿಂದ ಕಾಣುವರೆಂದು ಭಾರತೀಯ ನೀತಿಶಾಸ್ತ್ರಕಾರರು ಹೇಳಿರುವರು. ಆ ಕಣ್ಣಿಗೆ ಬಿದ್ದುದನ್ನು ಲೋಕಕ್ಕೆ ತಿಳಿಯುವಂತೆ ಬರೆಯುವುದು ಬೇರೆಯೇ ಕೆಲಸ. ಎರಡನೆಯ ಮಹಾಯುದ್ಧದ ಗೂಢಚರ್ಯೆಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದವರೊಳಗೆ ಬೆನ್ ಮ್ಯಾಕಿಂಟೈರ್ ಅವರು ಬಹು ಜನಪ್ರಿಯರು. ಇವರು ವೃತ್ತಿಯಿಂದ ಪತ್ರಿಕಾಕರ್ತರು. ಸರಕಾರದ ರಹಸ್ಯ ಕಡತಗಳು ಬಹಿರಂಗವಾದ ಮೇಲೆ ಅವನ್ನು ಶೋಧಿಸಿ ಕಥೆಯಂತೆ ಹೇಳುವುದು ಇವರ ಮಾರ್ಗ. ಗ್ರಂಥಗಳು ಹತ್ತಕ್ಕೂ ಮಿಕ್ಕಿರುವುದರಿಂದ, ಯಾವುದನ್ನು ಮೊದಲು ಓದತಕ್ಕದ್ದೆಂಬ ಸಂದೇಹವು ವಾಚಕರಿಗೆ ಸಹಜವೇ.

2007ರ ‘ಏಜೆಂಟ್ ಜಿಗ್‌ಜಾಗ್’ ರಂಜಕವಾದುದು. ಅದರ ನಾಯಕ ಎಡ್ಡಿ ಚಾಪ್‌ಮನ್ ತಿಜೋರಿ ಒಡೆಯುವ ಕಳ್ಳ. ಜರ್ಮನರಿಂದ ಶಿಕ್ಷಣ ಹೊಂದಿ ಇಂಗ್ಲೆಂಡಿಗೆ ಇಳಿದು, ಆಂಗ್ಲರ ಪಕ್ಷಕ್ಕೇ ಸೇರಿದವನು. ಆದರೆ ಈ ಪುಸ್ತಕದಲ್ಲಿ ವಾಚಕನು ನಗುತ್ತ ನಗುತ್ತ ಪ್ರಮಾಣವನ್ನು ಕೇಳುವುದನ್ನೇ ಮರೆಯುವನು. 2012ರ ‘ಡಬಲ್ ಕ್ರಾಸ್’ನಲ್ಲಿ ಗುಪ್ತನಾಮಗಳ ಸಂದಣಿ ಹೆಚ್ಚು, ಹೊಸಬರು ದಾರಿ ತಪ್ಪುವರು. ಮೊದಲು ಓದಲು ಯೋಗ್ಯವಾದುದು 2010ರ ‘ಆಪರೇಷನ್ ಮಿನ್ಸ್‌ಮೀಟ್’.

ಅದರ ವೃತ್ತಾಂತವು ಸರಳವಾಗಿದೆ. 1943ರಲ್ಲಿ ಮಿತ್ರರಾಷ್ಟ್ರಗಳು ಸಿಸಿಲಿಯ ಮೇಲೆ ದಂಡೆತ್ತಲು ನಿಶ್ಚಯಿಸಿದ್ದುವು. ಶತ್ರುವಿನ ಗಮನವನ್ನು ಗ್ರೀಸಿನ ಕಡೆಗೆ ತಿರುಗಿಸಲು ನೌಕಾ ಗುಪ್ತಚರ ಶಾಖೆಯ ಯೂಯೆನ್ ಮಾಂಟೆಗ್ಯೂ, ವಾಯುಸೇನೆಯ ಚಾರ್ಲ್ಸ್ ಚಮ್ಲೀ ಇವರಿಬ್ಬರೂ ಒಂದು ಹೆಣವನ್ನು ‘ಮೇಜರ್ ವಿಲಿಯಂ ಮಾರ್ಟಿನ್’ ಎಂಬ ಅಧಿಕಾರಿಯನ್ನಾಗಿ ಮಾಡಿದರು. (1919ರ ಸುಧಾರಣೆಗಳಿಂದ ಇಲ್ಲಿ ಹೆಸರಾದ ಭಾರತಮಂತ್ರಿ ಎಡ್ವಿನ್ ಮಾಂಟೆಗ್ಯೂ ಈ ಯೂಯೆನ್ನನ ಚಿಕ್ಕಪ್ಪ.) ಜೇಬಿನಲ್ಲಿ ಪ್ರೇಮಪತ್ರ, ಪ್ರೇಯಸಿಯ ಭಾವಚಿತ್ರ, ನಾಟಕದ ಚೀಟಿ, ಸಾಲವನ್ನು ಜ್ಞಾಪಿಸುವ ಬ್ಯಾಂಕಿನ ಕಾಗದ, ಪೆಟ್ಟಿಗೆಯಲ್ಲಿ ಸೇನಾಪತಿಗಳ ಕೃತ್ರಿಮ ಪತ್ರಗಳು. ಏಪ್ರಿಲ್ 30ರಂದು ಸೆರಾಫ್ ಎಂಬ ಜಲಾಂತರ್ಗಾಮಿಯು ಆ ಹೆಣವನ್ನು ಸ್ಪೇನಿನ ವೆಲ್ವಾ ಊರಿನ ಬಳಿ ನೀರಿಗೆ ಬಿಟ್ಟಿತು. ಪತ್ರಗಳ ಒಕ್ಕಣೆ ಬರ್ಲಿನ್ನಿಗೆ ಮುಟ್ಟಿತು, ಜರ್ಮನರು ನಂಬಿದರು. ಜುಲೈ 10ರಂದು ಸಿಸಿಲಿಯ ಆಕ್ರಮಣ ನಡೆಯಿತು. ಸೆರೆಸಿಕ್ಕವನ ಬಳಿಯ ಮುದ್ರೆಯೊತ್ತಿದ ಕಪಟಲೇಖದಿಂದ ಮಲಯಕೇತು ಮೋಸಹೋದುದನ್ನು ವಿಶಾಖದತ್ತನ ನಾಟಕದಲ್ಲಿಯೋ, ಅದರ ಕಥೆಯನ್ನು ಕನ್ನಡಕ್ಕೆ ತಂದ ಕೆಂಪುನಾರಾಯಣನ ‘ಮುದ್ರಾಮಂಜೂಷ’ದಲ್ಲಿಯೋ ಓದಿದವರಿಗೆ ಈ ತಂತ್ರವು ಅಪರಿಚಿತವಲ್ಲ.

ಆದರೆ ಈ ಪುಸ್ತಕವನ್ನು ಮೊದಲು ಓದಬೇಕೆನ್ನುವುದು ತಂತ್ರದ ಸೊಗಸಿಗಾಗಿ ಅಲ್ಲ. ಇದೇ ವೃತ್ತಾಂತವನ್ನು ಮಾಂಟೆಗ್ಯೂ ತಾನೇ 1953ರಲ್ಲಿ ‘ದಿ ಮ್ಯಾನ್ ಹೂ ನೆವರ್ ವಾಸ್’ ಎಂಬ ಪುಸ್ತಕದಲ್ಲಿ ಬರೆದಿದ್ದನು. ಸತ್ತವನು ನ್ಯುಮೋನಿಯಾ ರೋಗಿ, ಹೆಸರು ಹೊರಗೆಡಹಬಾರದೆಂಬ ಕಟ್ಟಳೆಯ ಮೇಲೆ ಅನುಮತಿ ದೊರೆಯಿತು, ಎಂದು ಅಲ್ಲಿ ಹೇಳಿದೆ. ಹೆಸರು ಪ್ರಕಟವಾದುದು 1996ರಲ್ಲಿ. ಆತನು ಗ್ಲಿಂಡೂರ್ ಮೈಕೇಲ್, ವೇಲ್ಸ್ ದೇಶದ ಗಣಿ ಕೂಲಿಯ ಮಗ. ಲಂಡನ್ನಿನಲ್ಲಿ ಮನೆಮಾರಿಲ್ಲದೆ ಅಲೆದು, ಇಲಿಪಾಷಾಣ ಸೇವಿಸಿ, 34ನೆಯ ವಯಸ್ಸಿನಲ್ಲಿ ತೀರಿಕೊಂಡನು. ತಂದೆತಾಯಿಗಳಿಬ್ಬರೂ ಅದಕ್ಕೆ ಮೊದಲೇ ಗತಿಸಿದ್ದರು. ದೇಶವು ಬದುಕಿದ್ದಾಗ ಒಂದು ಹಾಸಿಗೆಯನ್ನೂ ಕೊಡದ ಮನುಷ್ಯನಿಗೆ ಸತ್ತ ಮೇಲೆ ಮೇಜರ್ ಪದವಿ! ಮಾಂಟೆಗ್ಯೂನ ಮಗನ ಮನೆಯಲ್ಲಿ ಮಂಚದ ಕೆಳಗಿದ್ದ ಮರದ ಪೆಟ್ಟಿಗೆಯ ಕಾಗದಗಳನ್ನು ಕಂಡ ಮ್ಯಾಕಿಂಟೈರರು ಆ ಬಡವನ ಬಾಳನ್ನೂ ಜಾಣರ ಉತ್ಸಾಹದ ಪಕ್ಕದಲ್ಲಿಯೇ ಇರಿಸಿರುವರು. ಇವರ ಲೇಖನಿ ಕೆಲವೆಡೆ ಜಾಣರ ಕಡೆಗೇ ಹೆಚ್ಚು ವಾಲುವುದುಂಟು. ಆದರೂ ಮುಚ್ಚಿಟ್ಟುದು ಯಾವುದು, ಮುಚ್ಚಿಟ್ಟವರು ಯಾರು ಎಂಬುದು ಇಲ್ಲಿ ತಿಳಿಯುವಷ್ಟು ಸ್ಪಷ್ಟವಾಗಿ ಇವರ ಇತರ ಗ್ರಂಥಗಳಲ್ಲಿ ತಿಳಿಯದು.

ಆದಕಾರಣ ಮಾಂಟೆಗ್ಯೂನ ಪುಸ್ತಕವನ್ನೂ ಜೊತೆಗಿಟ್ಟುಕೊಂಡು ಇದನ್ನು ಓದುವುದು ಲೇಸು. ಬಳಿಕ ‘ಜಿಗ್‌ಜಾಗ್’, ಅನಂತರ ‘ಡಬಲ್ ಕ್ರಾಸ್’. 1912ರಲ್ಲಿ ಪಂಜಾಬಿನ ಅಂಬಾಲೆಯಲ್ಲಿ ಹುಟ್ಟಿ ಮುಂದೆ ರಷ್ಯದ ಚಾರನಾದ ಕಿಮ್ ಫಿಲ್ಬಿಯನ್ನು ಕುರಿತ 2014ರ ಗ್ರಂಥವು ಬಹುಮಟ್ಟಿಗೆ ಯುದ್ಧಾನಂತರದ ಕಾಲಕ್ಕೆ ಸೇರಿದುದು. ಅದನ್ನು ಕಡೆಗೆ ಇಟ್ಟುಕೊಳ್ಳಬಹುದು. ವೆಲ್ವಾದ ಸ್ಮಶಾನದಲ್ಲಿ ಮೇಜರ್ ಮಾರ್ಟಿನ್ನನ ಹೆಸರಿದ್ದ ಕಲ್ಲಿನ ಮೇಲೆ 1998ರಲ್ಲಿ ಗ್ಲಿಂಡೂರ್ ಮೈಕೇಲನ ಹೆಸರನ್ನೂ ಕೆತ್ತಿಸಲಾಯಿತು.