1942: ಎರಡನೆಯ ಮಹಾಯುದ್ಧದ ತಿರುವು ಮತ್ತು ಜಮಖಂಡಿ–ಮುಧೋಳ ಪ್ರದೇಶ

1942ನೆಯ ಇಸವಿಯು ಎರಡನೆಯ ಮಹಾಯುದ್ಧದ ನಿರ್ಣಾಯಕ ವರ್ಷವಾಗಿದೆ. ವರ್ಷದ ಪೂರ್ವಾರ್ಧದಲ್ಲಿ ಜಪಾನ್ ಮತ್ತು ಜರ್ಮನಿಯ ಸೇನೆಗಳು ಮುನ್ನಡೆ ಸಾಧಿಸಿದವು. ವರ್ಷಾಂತ್ಯದ ಹೊತ್ತಿಗೆ ಮಿತ್ರರಾಷ್ಟ್ರಗಳು ಆ ಮುನ್ನಡೆಯನ್ನು ತಡೆದಿದ್ದವು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ರಣರಂಗದಿಂದ ದೂರವಿದ್ದರೂ, ಧಾನ್ಯ, ನೂಲು ಮತ್ತು ರಾಜಕೀಯ ಚಳವಳಿಗಳ ಮೂಲಕ ಯುದ್ಧದ ಪರಿಣಾಮಗಳಿಗೆ ಒಳಗಾದವು.

ಆಡಳಿತ ಹಿನ್ನೆಲೆ

ಆ ಕಾಲದಲ್ಲಿ ಈ ಪ್ರದೇಶವು ನಾಲ್ಕು ಆಡಳಿತಗಳಲ್ಲಿ ಹಂಚಿಹೋಗಿತ್ತು. ಜಮಖಂಡಿಯು ಪಟವರ್ಧನ ಮನೆತನದ ಸಂಸ್ಥಾನವಾಗಿದ್ದು, ಶಂಕರರಾವ್ ಪಟವರ್ಧನರು ಅದರ ಅರಸರಾಗಿದ್ದರು. ಮುಧೋಳವು ಘೋರ್ಪಡೆ ಮನೆತನದ ಸಂಸ್ಥಾನವಾಗಿತ್ತು. ನೆರೆಹೊರೆಯ ನೇಕಾರರ ಊರುಗಳಾದ ಬನಹಟ್ಟಿ ಮತ್ತು ರಬಕವಿಗಳಲ್ಲಿ ಮೊದಲನೆಯದು ಜಮಖಂಡಿಗೂ ಎರಡನೆಯದು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಬೀಳಗಿಯು ಬ್ರಿಟಿಷರ ನೇರ ಆಡಳಿತದಲ್ಲಿದ್ದ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಯಲ್ಲಿತ್ತು.

ಯುದ್ಧದ ಪ್ರಮುಖ ಘಟನೆಗಳು

ಫೆಬ್ರವರಿ 15ರಂದು ಸಿಂಗಾಪುರವು ಜಪಾನಿಗೆ ಶರಣಾಯಿತು. ಮಾರ್ಚ್ 8ರಂದು ರಂಗೂನ್ ಜಪಾನಿನ ವಶವಾಯಿತು. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬ್ ದಾಳಿ ನಡೆಯಿತು. ಜೂನ್ 21ರಂದು ಉತ್ತರ ಆಫ್ರಿಕಾದ ಟೊಬ್ರುಕ್ ಜರ್ಮನ್ ಮತ್ತು ಇಟಾಲಿಯನ್ ಸೇನೆಗಳಿಗೆ ಶರಣಾದಾಗ ಸೆರೆಸಿಕ್ಕವರಲ್ಲಿ ಮರಾಠಾ ಲಘು ಪದಾತಿದಳದ 2ನೆಯ ಬೆಟಾಲಿಯನ್ನಿನ ಯೋಧರೂ ಇದ್ದರು. ಈ ದಳದ ತರಬೇತಿ ಕೇಂದ್ರವು ಬೆಳಗಾವಿಯಲ್ಲಿತ್ತು.

ಜೂನ್ ಆರಂಭದಲ್ಲಿ ನಡೆದ ಮಿಡ್‌ವೇ ಕದನದಲ್ಲಿ ಜಪಾನ್ ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು. ಅಕ್ಟೋಬರ್ 23ರಂದು ಆರಂಭವಾದ ಎಲ್ ಅಲಮೇನ್ ಕದನದಲ್ಲಿ ಜರ್ಮನ್ ಮತ್ತು ಇಟಾಲಿಯನ್ ಪಡೆಗಳು ಸೋತವು. ನವೆಂಬರ್ 19ರಂದು ಸ್ಟಾಲಿನ್‌ಗ್ರಾಡ್ ಬಳಿ ಸೋವಿಯತ್ ಸೇನೆಯು ಪ್ರತಿದಾಳಿ ಆರಂಭಿಸಿ ಜರ್ಮನಿಯ 6ನೆಯ ಸೇನೆಯನ್ನು ಸುತ್ತುವರಿಯಿತು.

ಧಾನ್ಯ ಮತ್ತು ನೂಲು

ಬರ್ಮಾ ಪತನದಿಂದ ಭಾರತಕ್ಕೆ ಅಲ್ಲಿಂದ ಬರುತ್ತಿದ್ದ ಅಕ್ಕಿಯು ನಿಂತುಹೋಯಿತು. ಈ ಪ್ರದೇಶದ ಮುಖ್ಯ ಆಹಾರ ಜೋಳವಾಗಿದ್ದರೂ, ಅಕ್ಕಿಯ ಕೊರತೆಯು ಇತರ ಧಾನ್ಯಗಳ ಬೆಲೆಯನ್ನೂ ಏರಿಸಿತು. ಇದೇ ವೇಳೆಗೆ ಬೆಳೆ ವಿಫಲವಾಗಿ 1942–43ರಲ್ಲಿ ಬಿಜಾಪುರ ಜಿಲ್ಲೆಯು ಬರಗಾಲಕ್ಕೆ ತುತ್ತಾಯಿತು.

ರಬಕವಿ ಮತ್ತು ಬನಹಟ್ಟಿಗಳ ಮಗ್ಗಗಳು ಗಿರಣಿಯ ನೂಲನ್ನು ಅವಲಂಬಿಸಿದ್ದವು. ಗಿರಣಿಗಳು ಸೇನೆಗೆ ಬೇಕಾದ ಬಟ್ಟೆಯ ತಯಾರಿಕೆಯಲ್ಲಿ ತೊಡಗಿದ್ದರಿಂದ ಕೈಮಗ್ಗಗಳಿಗೆ ನೂಲು ದುರ್ಲಭ ಹಾಗೂ ದುಬಾರಿಯಾಯಿತು. ಯುದ್ಧಕ್ಕೆ ಮುನ್ನ ಹೆಚ್ಚಾಗಿ ಜರ್ಮನಿಯಿಂದ ಬರುತ್ತಿದ್ದ ಕೃತಕ ಬಣ್ಣಗಳ ಪೂರೈಕೆಯು 1939ರಿಂದಲೇ ಕಡಿದುಹೋಗಿತ್ತು. ಹೀಗಾಗಿ ಬಟ್ಟೆಯ ಬೆಲೆ ಏರಿದರೂ ನೂಲು ಸಿಗದ ನೇಕಾರನ ಮಗ್ಗವು ನಿಲ್ಲುತ್ತಿತ್ತು. ಭಾರತ ಸರ್ಕಾರವು ಬಟ್ಟೆ ಮತ್ತು ನೂಲಿನ ನಿಯಂತ್ರಣಾಜ್ಞೆಯನ್ನು 1943ರ ಜೂನ್ ತಿಂಗಳಿನಲ್ಲಿ ಜಾರಿಗೆ ತಂದಿತು.

ರಾಜಕೀಯ ಬೆಳವಣಿಗೆಗಳು

ಭಾರತದ ಬೆಂಬಲ ಪಡೆಯಲು ಮಾರ್ಚ್ ತಿಂಗಳಲ್ಲಿ ಬಂದ ಕ್ರಿಪ್ಸ್ ನಿಯೋಗವು ಏಪ್ರಿಲ್‌ನಲ್ಲಿ ವಿಫಲವಾಯಿತು. ಅದರ ಪ್ರಸ್ತಾವದಲ್ಲಿ ಸಂಸ್ಥಾನಗಳ ಪ್ರತಿನಿಧಿಗಳನ್ನು ಪ್ರಜೆಗಳು ಚುನಾಯಿಸುವ ಅವಕಾಶವಿರಲಿಲ್ಲ. ಆಗಸ್ಟ್ 8ರಂದು ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ನಿರ್ಣಯ ಅಂಗೀಕೃತವಾಯಿತು. ಅಂದಿನ ಭಾಷಣದಲ್ಲಿ ಮಹಾತ್ಮ ಗಾಂಧಿಯವರು ಸಂಸ್ಥಾನಿಕರಿಗೂ ಕರೆ ನೀಡಿ, ಪ್ರಜೆಗಳಿಗೆ ಅಧಿಕಾರ ಬಿಟ್ಟುಕೊಡಬೇಕೆಂದು ಕೋರಿದರು. ಮುಂಬಯಿ ಕರ್ನಾಟಕದಲ್ಲಿ ತಂತಿ ಕತ್ತರಿಸುವಿಕೆ ಹಾಗೂ ರೈಲು ನಿಲ್ದಾಣಗಳ ಮೇಲಿನ ದಾಳಿಗಳು ನಡೆದವು, ಆರ್. ಆರ್. ದಿವಾಕರರು ಭೂಗತರಾಗಿ ಚಳವಳಿ ನಡೆಸಿದರು. ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಮಹಾದೇವ ಡೋಣಿ ಪೊಲೀಸರ ಗುಂಡಿಗೆ ಬಲಿಯಾದನು.

ಸಂಸ್ಥಾನಗಳಲ್ಲಿ ಪ್ರಜಾ ಪರಿಷತ್ತುಗಳು ಜವಾಬ್ದಾರಿ ಸರ್ಕಾರಕ್ಕಾಗಿ ಹೋರಾಡಿದವು. ಜಮಖಂಡಿಯಲ್ಲಿ ಈ ಚಳವಳಿಯೊಂದಿಗೆ ಬೆಳೆದ ಸಾವಳಗಿಯ ಬಿ. ಡಿ. ಜತ್ತಿಯವರು ಮುಂದೆ ಆ ಸಂಸ್ಥಾನದ ಮಂತ್ರಿಯೂ, ಮೈಸೂರು ರಾಜ್ಯದ ಮುಖ್ಯಮಂತ್ರಿಯೂ, ಭಾರತದ ಉಪರಾಷ್ಟ್ರಪತಿಯೂ ಆದರು.

ನಂತರದ ಬೆಳವಣಿಗೆ

1948ರ ಮಾರ್ಚ್ 8ರಂದು ಜಮಖಂಡಿ, ಮುಧೋಳ ಮತ್ತು ಸಾಂಗಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಇದರಿಂದ ಯುದ್ಧಕಾಲದಲ್ಲಿ ಬೇರೆಬೇರೆ ಆಡಳಿತಗಳಿಗೆ ಸೇರಿದ್ದ ಈ ನೆರೆಯ ಊರುಗಳು ಬಿಜಾಪುರ ಜಿಲ್ಲೆಯಲ್ಲಿ ಒಂದಾದವು. 1956ರಲ್ಲಿ ಈ ಪ್ರದೇಶವು ಮೈಸೂರು ರಾಜ್ಯಕ್ಕೂ, 1997ರಲ್ಲಿ ಹೊಸದಾಗಿ ರಚನೆಯಾದ ಬಾಗಲಕೋಟೆ ಜಿಲ್ಲೆಗೂ ಸೇರಿತು.