ಅಜ್ಜನ ಲೆಕ್ಕದ ಪುಸ್ತಕದಲ್ಲಿದ್ದ ಹುಡುಗ

ಕಳೆದ ಯುಗಾದಿಗೆ ಊರಿಗೆ ಹೋಗಿದ್ದಾಗ ಅಟ್ಟ ಗುಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮದು ಭೇರ್ಯದ ಹತ್ತಿರದ ಹಳ್ಳಿ. ತೂತು ಬಿದ್ದ ಕೊಳಗ, ಮುರಿದ ಒನಕೆ, ಅವುಗಳ ಕೆಳಗೆ ಅಜ್ಜನ ಲೆಕ್ಕದ ಪುಸ್ತಕ ಸಿಕ್ಕಿತು. 1983ರದ್ದು. ಭತ್ತ ಎಷ್ಟು, ಗೊಬ್ಬರ ಎಷ್ಟು ಗಾಡಿ... ಸುಮ್ಮನೆ ತಿರುವಿ ಹಾಕುತ್ತಿದ್ದವನು ಒಂದು ಪುಟದಲ್ಲಿ ನಿಂತುಬಿಟ್ಟೆ. ಮೇಲೆ 'ಹುಡುಗನ ಬಾಬ್ತು' ಅಂತ ಬರೆದಿತ್ತು.

ಆ ಹುಡುಗ ನನಗೆ ಗೊತ್ತು. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ನಮ್ಮ ಮನೆ ದನ ಕಾಯುತ್ತಿದ್ದ. ಹೆಸರು ಇಲ್ಲಿ ಬೇಡ. ಪುಸ್ತಕದಲ್ಲೂ ಇಲ್ಲ.

ಅವನಪ್ಪನಿಗೆ ಕೊಟ್ಟ ಮುಂಗಡ 300 ರೂಪಾಯಿ. ಕಳೆದುಹಾಕಿದ ಕುಡುಗೋಲಿಗೆ 12. ಜ್ವರ ಬಂದು ಮಲಗಿದ ಒಂಬತ್ತು ದಿನದ ಕೂಲಿ ಮುರಿದದ್ದು. ಅಕ್ಕನ ಮದುವೆಗೆ ಮತ್ತೆ 450. ಅವಳಿಗಾಗ ಹದಿಮೂರೋ ಹದಿನಾಲ್ಕೋ. ವರ್ಷದ ಕೊನೆಗೆ ಸಾಲ ಇಳಿದಿಲ್ಲ, ಏರಿದೆ.

ನಮ್ಮ ಮನೆಯಲ್ಲಿ ಇದನ್ನು ಯಾರೂ ಜೀತ ಅಂತಿರಲಿಲ್ಲ. 'ಸಂಬಳಕ್ಕೆ ಬಿಟ್ಟಿದ್ದಾರೆ' ಅಂತಿದ್ದರು. (ನಿಮ್ಮ ಕಡೆ ಏನಂತಿದ್ದರು? ತಿಳಿದವರು ಹೇಳಿ.) ಆದರೆ 1983ರ ಹೊತ್ತಿಗೆ ಜೀತ ರದ್ದಾಗಿ ಏಳೆಂಟು ವರ್ಷವೇ ಆಗಿತ್ತು. 1975ರ ಅಕ್ಟೋಬರ್ 24ಕ್ಕೆ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಜೀತಕ್ಕೆ ಕಾರಣವಾದ ಸಾಲವನ್ನೇ ಅದು ಅಳಿಸಿಹಾಕಿತು. ಆಗ ಮುಖ್ಯಮಂತ್ರಿ ದೇವರಾಜ ಅರಸು, ನಮ್ಮ ಪಕ್ಕದ ಹುಣಸೂರಿನವರೇ. ಬಡವರ ಸಾಲ ಮನ್ನಾ ಮಾಡುವ ರಾಜ್ಯದ ಕಾಯ್ದೆಯೂ 1976ರಲ್ಲೇ ಬಂತು. ಇಷ್ಟೆಲ್ಲ ಆದಮೇಲೂ ಅಜ್ಜನ ಪುಸ್ತಕದಲ್ಲಿ ಆ 300 ಜೀವಂತವಾಗಿತ್ತು.

ಹಿಂದಕ್ಕೆ ಹೋದರೆ ಇನ್ನೂ ವಿಚಿತ್ರ. ಮೈಸೂರು ಸಂಸ್ಥಾನ 1894ರಲ್ಲೇ ಬಾಲ್ಯವಿವಾಹದ ವಿರುದ್ಧ ಕಾನೂನು ಮಾಡಿತ್ತು. ಎಂಟು ತುಂಬದ ಹೆಣ್ಣುಮಗುವಿಗೆ ಮದುವೆ ಮಾಡುವಂತಿಲ್ಲ, ಹದಿನಾಲ್ಕು ತುಂಬದವಳನ್ನು ಐವತ್ತು ದಾಟಿದ ಗಂಡಿಗೆ ಕೊಡುವಂತಿಲ್ಲ. ಎಂಟು ವರ್ಷ! ಆ ಕಾಲಕ್ಕೆ ಅದೂ ದೊಡ್ಡದೇ. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಮಕ್ಕಳ ದುಡಿಮೆಯನ್ನು ಒತ್ತೆಯಿಡುವುದನ್ನು ತಡೆಯಲು ಬ್ರಿಟಿಷ್ ಇಂಡಿಯಾದಲ್ಲಿ 1933ರಲ್ಲಿ ಒಂದು ಕಾಯ್ದೆ ಮಾಡಿದರು. ಒತ್ತೆಯಿಟ್ಟ ಅಪ್ಪನಿಗೆ 50 ರೂಪಾಯಿವರೆಗೆ ದಂಡ, ಇಟ್ಟುಕೊಂಡ ಧಣಿಗೆ 200ರವರೆಗೆ. ಆಗ ಅದು ಮೈಸೂರಿಗೆ ಅನ್ವಯಿಸುತ್ತಿರಲಿಲ್ಲ.

ಇವೆಲ್ಲ ಒಳ್ಳೆಯ ಕಾನೂನುಗಳೇ, ತಕರಾರಿಲ್ಲ. ಆದರೆ ಮದುವೆಯ ಕಾನೂನಿನ ಕಣ್ಣಿಗೆ ಬೀಳುವುದು ಅಕ್ಕ, ಜೀತದ ಕಾನೂನಿನ ಕಣ್ಣಿಗೆ ತಮ್ಮ, ಶಾಲೆಯ ಹಾಜರಿ ಪುಸ್ತಕಕ್ಕೆ ಖಾಲಿ ಬೆಂಚು. ಮೂರೂ ಒಂದೇ ಗುಡಿಸಲಿನ ಸಂಗತಿ ಅನ್ನೋದು ಯಾವ ಇಲಾಖೆಯ ಕಡತದಲ್ಲೂ ಬರುವುದಿಲ್ಲ. ಅಜ್ಜನ ಪುಸ್ತಕದ ಒಂದೇ ಪುಟದಲ್ಲಿ ಬಂದಿತ್ತು ನೋಡಿ. ಅಕ್ಕನ ಮದುವೆಗೆ ಸಾಲ, ಆ ಸಾಲಕ್ಕೆ ತಮ್ಮನ ದುಡಿಮೆ, ದುಡಿಮೆಯಿಂದಾಗಿ ಶಾಲೆ ಇಲ್ಲ, ಜ್ವರ ಬಂದರೆ ಔಷಧಿ ಬದಲು ಕೂಲಿ ಮುರಿತ.

ಕಾರಂತರ 'ಚೋಮನ ದುಡಿ' ಬಂದದ್ದೂ ಅದೇ 1933ರಲ್ಲಿ. ಅಲ್ಲೂ ಶುರುವಾಗುವುದು ಒಂದು ಸಣ್ಣ ಸಾಲದಿಂದ. ಅದನ್ನು ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗುತ್ತಾರೆ. ಒಬ್ಬ ಜ್ವರಕ್ಕೆ ಸಾಯುತ್ತಾನೆ, ಬೆಳ್ಳಿಯ ಮೈಮೇಲೆ ತೋಟದವರ ಕಣ್ಣು ಬೀಳುತ್ತದೆ, ಕಿರಿಯವನು ನೀರಿನಲ್ಲಿ ಮುಳುಗುವಾಗ ಮುಟ್ಟಲು ಹೇಸಿ ದಡದಲ್ಲಿದ್ದವರು ಇಳಿಯುವುದಿಲ್ಲ. ಒಂದರ ಬಾಲ ಹಿಡಿದು ಇನ್ನೊಂದು.

ಡಾಕ್ಟರುಗಳು ಇದನ್ನು ಲೆಕ್ಕ ಹಾಕಿದ್ದು ಬಹಳ ತಡವಾಗಿ. 1962ರಲ್ಲಿ ಅಮೆರಿಕದ ಹೆನ್ರಿ ಕೆಂಪ್ ಮತ್ತು ಜೊತೆಯವರು ಬರೆದದ್ದು ಮಕ್ಕಳ ಮೇಲೆ ಬೀಳುವ ಪೆಟ್ಟಿನ ಬಗ್ಗೆ ಮಾತ್ರ. 1998ರಲ್ಲಿ ಫೆಲಿಟ್ಟಿ, ಆಂಡಾ ಮತ್ತಿತರರು ಸ್ಯಾನ್ ಡಿಯಾಗೋದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನರನ್ನು ಅವರ ಬಾಲ್ಯದ ಏಳು ಬಗೆಯ ಕಷ್ಟಗಳ ಬಗ್ಗೆ ಕೇಳಿದರು. ಆ ಏಳೂ ಬಿಡಿಬಿಡಿಯಾಗಿರದೆ ಒಂದಕ್ಕೊಂದು ಹೆಣೆದುಕೊಂಡಿದ್ದವು.

ಅವ್ವನನ್ನು ಕೇಳಿದೆ, "ಅವನಿಗೆ ಹೊಡೀತಿದ್ರಾ?"

"ಆಗ ಯಾರಿಗೆ ಹೊಡೀತಿರ್ಲಿಲ್ಲ ಹೇಳು? ನಿಂಗೇನು ಕಮ್ಮಿ ಬಿದ್ದಿದ್ವಾ?"

ಬಿದ್ದಿದ್ದವು, ನಿಜ. ಅಜ್ಜನ ಕೈಯಲ್ಲೇ ಬಿದ್ದಿದ್ದವು. ಆದರೆ ಅವತ್ತು ರಾತ್ರಿ ಅವ್ವ ಬಾಸುಂಡೆಗೆ ಹರಳೆಣ್ಣೆ ಹಚ್ಚಿ, ಬಿಸಿ ಮುದ್ದೆ ಇಟ್ಟು, ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಎದ್ದು ಶಾಲೆಗೆ ಹೋಗುತ್ತಿದ್ದೆ. ನನಗೆ ಹೊಡೆತ ಬರೀ ಹೊಡೆತವಾಗಿ ಬರುತ್ತಿತ್ತು. ಕರು ಹಾಲು ಕುಡಿದುಬಿಟ್ಟಿತು ಅಂತ ಬಾರುಕೋಲಿನ ಏಟು ತಿಂದವನಿಗೆ ತಂಗಳು ಮುದ್ದೆ, ಅದೂ ಕೊಟ್ಟಿಗೆಯಲ್ಲಿ, ಬೇರೆ ತಟ್ಟೆಯಲ್ಲಿ. ರಾತ್ರಿಯೂ ಅಲ್ಲೇ, ಒಬ್ಬನೇ. ಆ ಕತ್ತಲಲ್ಲಿ ಅವನಿಗೆ ಏನಾದರೂ ಆಯಿತಾ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದವರಲ್ಲ. ನಾನೂ ಕೇಳಲಿಲ್ಲ. ಆಡುವಾಗ ಮಾತ್ರ ಕರೆಯುತ್ತಿದ್ದೆ.

ನಮ್ಮಲ್ಲಿಂದ ಬಿಟ್ಟಮೇಲೆ ಅವನು ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕೆಲಸಕ್ಕೆ ಹೋದನಂತೆ. ಹಸಿ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಗೆ ಹೋಗಿ ತಲೆಸುತ್ತು, ವಾಂತಿ ಬರುತ್ತದೆ. 1986ರ ಬಾಲಕಾರ್ಮಿಕ ಕಾಯ್ದೆ ಬಂದಾಗ ಅದರ ನಿಷೇಧದ ಪಟ್ಟಿಯಲ್ಲಿ ಬೇಸಾಯದ ಕೆಲಸ ಇರಲಿಲ್ಲ. ಹದಿನಾಲ್ಕರ ಒಳಗಿನವರ ದುಡಿಮೆಯನ್ನು ಎಲ್ಲ ಕಡೆ ನಿಷೇಧಿಸಿದ್ದು 2016ರ ತಿದ್ದುಪಡಿ. ಅದರಲ್ಲೂ ಶಾಲೆಯ ಹೊತ್ತು ಬಿಟ್ಟು ಮನೆಯವರಿಗೆ ನೆರವಾಗಬಹುದು ಅನ್ನೋ ಸಂದು ಉಳಿದಿದೆ.

ಈಗ ಎಲ್ಲಿದ್ದಾನೆ ಅಂತ ಅವ್ವನಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಬೇರೆ ಬಾಬ್ತುಗಳ ಕೆಳಗೆಲ್ಲ ಅಜ್ಜ 'ಚುಕ್ತಾ' ಅಂತ ಬರೆದು ಗೆರೆ ಎಳೆದಿದ್ದಾರೆ. ಹುಡುಗನ ಪುಟದಲ್ಲಿ ಗೆರೆ ಇಲ್ಲ. ಪುಸ್ತಕವನ್ನು ವಾಪಸ್ ಅಟ್ಟಕ್ಕೆ ಹಾಕಲು ಮನಸ್ಸಾಗದೆ ನನ್ನ ಜೊತೆ ತಂದಿದ್ದೇನೆ.