ಪಹಣಿಯಿಂದ ಇ-ಖಾತಾವರೆಗೆ

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ಕಾರ್ಖಾನೆ ಬಂದ ಕಡೆ ನಿವೇಶನ, ಬಾಡಿಗೆ ಮನೆ, ಅಂಗಡಿ ಮುಂಗಟ್ಟು ಬರುತ್ತವೆ. ಅವುಗಳ ಬೆನ್ನಿಗೇ ಖಾತೆ, ಕಂದಾಯ, ನಲ್ಲಿ ಸಂಪರ್ಕ, ಲೈಸೆನ್ಸುಗಳ ಅರ್ಜಿ ಶುರುವಾಗುತ್ತದೆ. ಇಂಥ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ನಿಭಾಯಿಸುವ ಶಕ್ತಿಯನ್ನು ನಮ್ಮ ನಗರಾಡಳಿತ ಕಾಲು ಶತಮಾನದಲ್ಲಿ ಎಷ್ಟು ಗಳಿಸಿಕೊಂಡಿದೆ?

ಈ ಶಕ್ತಿಯ ಬೇರು ಇರುವುದು ತಾಲ್ಲೂಕು ಕಚೇರಿಯಲ್ಲಿ. 2000ದ ದಶಕದ ಆರಂಭದಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕಂಪ್ಯೂಟರುಗಳನ್ನು ಹಂಚಿದ್ದರಿಂದ ಈ ಕೆಲಸ ಗೆದ್ದಿತು ಎನ್ನುವುದು ಅರ್ಧ ಸತ್ಯ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ ಎಂದು ಸರ್ಕಾರ ಹೇಳಿತು, ಹಳೆಯ ದಾರಿಯೇ ಮುಚ್ಚಿತು. ಹಕ್ಕು ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು, ಯಾರದನ್ನೋ ಹಿಂದಕ್ಕೆ ತಳ್ಳಿ ಇನ್ಯಾರದನ್ನೋ ಮುಂದಕ್ಕೆ ಎಳೆಯುವಂತಿಲ್ಲ ಎಂದು ತಂತ್ರಾಂಶದಲ್ಲೇ ಕಟ್ಟುಹಾಕಿದರು. ಯಾರು ಏನು ತಿದ್ದಿದರು ಎಂಬುದು ದಾಖಲಾಗಲು ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. ಪಹಣಿಗೆ ಆಗ ಶುಲ್ಕ 15 ರೂಪಾಯಿ ಇತ್ತು. ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಪುಸ್ತಕವನ್ನು ಕಸಿದದ್ದಷ್ಟೇ ಅಲ್ಲ, ಹೊಸ ಪದ್ಧತಿಯ ತರಬೇತಿ ಕೊಟ್ಟು ಕಂದಾಯ ಇಲಾಖೆಯವರಿಂದಲೇ ಅದನ್ನು ನಡೆಸಿದರು. ‘ಭೂಮಿ’ಯ ನಿಜವಾದ ಸಾಧನೆ ಇದು ಎಂದು ನಾನು ನಂಬಿದ್ದೇನೆ.

ನಗರಾಡಳಿತಕ್ಕೆ ಬಂದರೆ, ಬೆಂಗಳೂರಿನಲ್ಲಿ ಮೊದಲ ತಳ್ಳು ಹೊರಗಿನಿಂದ ಬಂತು. ಎಸ್.ಎಂ. ಕೃಷ್ಣ ಸರ್ಕಾರ 1999ರಲ್ಲಿ ನಂದನ್ ನಿಲೇಕಣಿ ಅವರ ಅಧ್ಯಕ್ಷತೆಯಲ್ಲಿ ಬೆಂಗಳೂರು ಅಜೆಂಡಾ ಟಾಸ್ಕ್ ಫೋರ್ಸ್ ರಚಿಸಿತು. ಪಾಲಿಕೆಯ ಲೆಕ್ಕಪತ್ರ ಪದ್ಧತಿ ಬದಲಾಯಿತು. 2000ದಲ್ಲಿ ಆಸ್ತಿ ತೆರಿಗೆಗೆ ಸ್ವಯಂ ಘೋಷಣೆ ಬಂತು. ಅಳತೆಪಟ್ಟಿ ಹಿಡಿದು ಬರುವ ಅಧಿಕಾರಿಗೆ ಕಾಯುವ ಬದಲು ಮಾಲೀಕನೇ ತನ್ನ ಮನೆಯ ಲೆಕ್ಕ ಹಾಕಿ ತೆರಿಗೆ ಕಟ್ಟುವ ಈ ಪದ್ಧತಿಗೆ ಕಂಪ್ಯೂಟರಿಗಿಂತ ನಂಬಿಕೆ ಹೆಚ್ಚು ಬೇಕಿತ್ತು. 2003ರಲ್ಲಿ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ ಇ-ಗವರ್ನಮೆಂಟ್ಸ್ ಫೌಂಡೇಶನ್ ಕಟ್ಟಿದರು. ಅದರ ತಂತ್ರಾಂಶ ಮುಂದೆ ಹಲವು ರಾಜ್ಯಗಳ ನಗರಸಭೆಗಳಿಗೆ ಹೋಯಿತು. 2004ರಲ್ಲಿ ಸರ್ಕಾರ ಬದಲಾದ ಮೇಲೆ ಟಾಸ್ಕ್ ಫೋರ್ಸ್ ಮರೆಗೆ ಸರಿಯಿತು. ಗಣ್ಯರ ಸಮಿತಿಗಳ ಆಯುಷ್ಯ ಅವನ್ನು ನೇಮಿಸಿದವರ ಕುರ್ಚಿಯಷ್ಟೇ.

ಉಳಿದುಕೊಂಡದ್ದು ಸದ್ದಿಲ್ಲದ ಇನ್ನೊಂದು ವ್ಯವಸ್ಥೆ. ಪೌರಾಡಳಿತ ನಿರ್ದೇಶನಾಲಯದೊಳಗೆ 2005ರಲ್ಲಿ ಹುಟ್ಟಿದ ಪೌರ ಸುಧಾರಣಾ ಕೋಶ ಆಸ್ತಿ ತೆರಿಗೆ, ನೀರಿನ ಬಿಲ್ಲು, ದೂರುಗಳಿಗೆ ರಾಜ್ಯದ ಸಣ್ಣಪುಟ್ಟ ಊರುಗಳಿಗೂ ಒಂದೇ ಬಗೆಯ ತಂತ್ರಾಂಶ ಕೊಟ್ಟಿತು. ಪುರಸಭೆಯೊಂದು ತಾನೇ ಎಂಜಿನಿಯರುಗಳನ್ನು ಸಾಕಲಾರದು, ಹಂಚಿಕೊಂಡರೆ ಸಾಧ್ಯ. ಅದೇ ವರ್ಷ ಹಲವು ಇಲಾಖೆಗಳ ಸೇವೆಯನ್ನು ಒಂದೇ ಕಡೆ ಕೊಡುವ ‘ಬೆಂಗಳೂರು ಒನ್’ ಕೇಂದ್ರಗಳೂ ತೆರೆದವು. 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ಕಾಲಮಿತಿಯಲ್ಲಿ ಸೇವೆ ಕೊಡಿಸುವ ‘ಸಕಾಲ’ ಬಂತು: ವಿಳಂಬವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500, ಅದೂ ಹೊಣೆಗಾರ ನೌಕರನಿಂದಲೇ. ಮೊತ್ತ ಸಣ್ಣದು. ಆದರೆ ‘ನಾಳೆ ಬಾ’ ಎನ್ನುವ ಮಾತಿಗೆ ಕಾನೂನಿನಲ್ಲಿ ಬೆಲೆ ಕಟ್ಟಿದ್ದು ದೊಡ್ಡ ಹೆಜ್ಜೆ.

ತುಮಕೂರಿನ ಸರದಿ ಬಂದದ್ದು 2016ರ ಸೆಪ್ಟೆಂಬರಿನಲ್ಲಿ. ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗಗಳ ಜೊತೆ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಕೇಂದ್ರದ ನಿಯಮದಂತೆ ಕೆಲಸ ನಡೆಸಿದ್ದು ಪಾಲಿಕೆಯಲ್ಲ, ರಾಜ್ಯ ಮತ್ತು ಪಾಲಿಕೆ ಸಮಪಾಲು ಹೊಂದಿದ ಪ್ರತ್ಯೇಕ ಕಂಪನಿ. ಟೆಂಡರ್ ಬೇಗ ಆಗಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಆದರೆ ಕ್ಯಾಮೆರಾ, ನಿಯಂತ್ರಣ ಕೊಠಡಿಗಳ ಒಳಹೊರಗು ಕಲಿತವರು ಕಂಪನಿಯವರು ಮತ್ತು ಗುತ್ತಿಗೆದಾರರಾದರೆ ಕಂದಾಯ ನಿರೀಕ್ಷಕರು, ವಿಷಯ ನಿರ್ವಾಹಕರು ಪ್ರೇಕ್ಷಕರಾಗಿಯೇ ಉಳಿಯುತ್ತಾರೆ. ಅಮೆರಿಕದ ಬಾಸ್ಟನ್ 2010ರಲ್ಲಿ ಹೊಸ ಪ್ರಯೋಗಗಳಿಗೆಂದು ಪುಟ್ಟ ತಂಡವೊಂದನ್ನು ಮೇಯರ್ ಕಚೇರಿಯೊಳಗೇ ಕೂರಿಸಿತು. ನಮಗೆ ಬೇಕಿದ್ದುದು ಅಂಥದ್ದೇ. ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಯಂತ್ರಗಳ ನಿರ್ವಹಣೆಯ ಖರ್ಚು ಮುಗಿಯುವುದಿಲ್ಲ.

ಈಚಿನ ದೊಡ್ಡ ಪರೀಕ್ಷೆ ಆಸ್ತಿ ಖಾತೆಯ ಡಿಜಿಟಲ್ ರೂಪವಾದ ಇ-ಖಾತಾ. 2024ರ ಅಕ್ಟೋಬರಿನಿಂದ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ 20 ಲಕ್ಷಕ್ಕೂ ಹೆಚ್ಚು ಕರಡು ಖಾತೆಗಳನ್ನು ಅಂತರ್ಜಾಲಕ್ಕೆ ಹಾಕಿತು. ಮಾಲೀಕರು ಆಧಾರ್, ಕ್ರಯಪತ್ರ, ಬೆಸ್ಕಾಂ ಅಕೌಂಟ್ ಐಡಿ, ಆಸ್ತಿಯ ಫೋಟೊ ಸೇರಿಸಿ ಅಂತಿಮ ಖಾತಾ ಪಡೆಯಬೇಕು. ಎಲ್ಲ ಸರಿಯಿದ್ದರೆ ಮನೆಯಲ್ಲೇ ಕೆಲಸ ಮುಗಿಯುತ್ತದೆ. ಆದರೆ ಹಳೆಯ ರಿಜಿಸ್ಟರಿನಲ್ಲಿ ಒಂದು ಹೆಸರು, ಕ್ರಯಪತ್ರದಲ್ಲಿ ಇನ್ನೊಂದು ಕಾಗುಣಿತ, ಆಧಾರ್‌ನಲ್ಲಿ ಮೂರನೆಯದು ಇದ್ದರೆ ಯಾವ ತಂತ್ರಾಂಶವೂ ತೀರ್ಮಾನಿಸಲಾರದು. ಅಲ್ಲಿ ಕಡತ ಓದಬಲ್ಲ, ಸಹಿ ಹಾಕುವ ಧೈರ್ಯವಿರುವ ಸಹಾಯಕ ಕಂದಾಯ ಅಧಿಕಾರಿಯೇ ಬೇಕು. ತಂತ್ರಾಂಶಕ್ಕೆ ಕೋಟಿಗಟ್ಟಲೆ ಮಂಜೂರು ಮಾಡುವ ಬಜೆಟ್ಟಿನಲ್ಲೇ ಈ ಹುದ್ದೆಗಳ ಭರ್ತಿಗೆ, ಅವರ ತರಬೇತಿಗೆ ಹಣ ಇಡಬೇಕು. 2025ರ ಸೆಪ್ಟೆಂಬರಿನಿಂದ ಬೆಂಗಳೂರು ಐದು ಪಾಲಿಕೆಗಳಾಗಿದೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಐದಕ್ಕೂ ದತ್ತಾಂಶ ಒಂದೇ ಇರಲಿ, ತಿದ್ದುಪಡಿಯ ಅಧಿಕಾರ ವಾರ್ಡಿಗೆ ಹತ್ತಿರವಿರಲಿ. ತುಮಕೂರಿನಂಥ ಪಾಲಿಕೆಗಳಲ್ಲೂ ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರುಗಳ ಜಾಗದಲ್ಲಿ ಕಾಯಂ ತಾಂತ್ರಿಕ ಹುದ್ದೆಗಳು ಮಂಜೂರಾಗಲಿ.